ಸಣ್ಣ ಎರಡು, ಸಣ್ಣ ಮೂರು

ಐವಾನ್-ಎ-ಶಾಹಿ ಎಂಬ ಹೆಸರನ್ನು ಇಮೇಲಿನ ವಿಷಯದ ಸಾಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 13 ಬೈಟ್ ಹಿಡಿಯುತ್ತದೆ. ಕನ್ನಡದಲ್ಲಿ ಬರೆದರೆ 32. ಮುಂದೆ 'ಅತಿಥಿ ಗೃಹ' ಎಂದು ಸೇರಿಸಿದಿರೋ, ಕೆಲವು ಮೇಲ್ ತಂತ್ರಾಂಶಗಳು 'ಅತಿಥಿ'ಯ ಕೊನೆಯ ಗುಡಿಸನ್ನು ಕಿತ್ತು ಮುಂದಿನ ತುಂಡಿಗೆ ಹಾಕುತ್ತಿದ್ದವು. ಮುಟ್ಟಿದ ಕಡೆ ಆ ಗುಡಿಸು ಚುಕ್ಕೆಗಳ ಉಂಗುರವೊಂದರ ಮೇಲೆ ಒಂಟಿಯಾಗಿ ಕೂತಿರುತ್ತಿತ್ತು. ಹೀಗೇಕೆ ಆಗುತ್ತಿತ್ತು ಎಂಬುದಕ್ಕೆ ಕಾರಣವಿದೆ, ಲೆಕ್ಕವೂ ಇದೆ. ಆ ಲೆಕ್ಕಕ್ಕೆ ಬರುವ ಮುಂಚೆ ಊರಿನ ಮಾತು ಸ್ವಲ್ಪ.

ಐವಾನ್-ಎ-ಶಾಹಿ ನಮ್ಮ ಕಲಬುರಗಿಯಲ್ಲಿರುವ, ನಿಜಾಮರ ಕಾಲದ ಅತಿಥಿ ಗೃಹ. ಈಗ ಸರ್ಕಾರದ್ದು. ಮಂತ್ರಿಗಳು ಬಂದಿಳಿದ ದಿನ ಅದರ ಗೇಟಿನ ಮುಂದೆ ಅರ್ಜಿ ಹಿಡಿದವರು ನಿಲ್ಲುತ್ತಾರೆ. ಅವರಲ್ಲಿ ಅರ್ಧ ಜನ ಅಲ್ಲಿಗೆ ಹೋಗುವ ಮುಂಚೆ ನನ್ನ ಅಂಗಡಿಗೆ ಬಂದವರು. ಟೈಪಿಂಗ್, ಝೆರಾಕ್ಸ್, ಎಸ್‌ಟಿಡಿ ಬೂತು, ಆಮೇಲೆ ಡಿಟಿಪಿ, ಅದರ ಬೆನ್ನಿಗೆ ಇಂಟರ್‌ನೆಟ್. ಬೋರ್ಡಿನ ಮೇಲೆ ಒಂದೊಂದೇ ಸಾಲು ಏರುತ್ತ ಹೋಯಿತು. ಅರ್ಜಿ ಬರೆಸಿಕೊಳ್ಳುವವರಲ್ಲಿ ಕನ್ನಡದವರು, ಉರ್ದುವಿನವರು, ಆಳಂದ ಕಡೆಯಿಂದ ಬಂದ ಮರಾಠಿಯವರು, ಸೇಡಂ ಗಡಿಯ ತೆಲುಗಿನವರು ಎಲ್ಲ ಇದ್ದರು. ನಿಜಾಮರ ಕಚೇರಿ ನಡೆಯುತ್ತಿದ್ದುದು ಉರ್ದುವಿನಲ್ಲಿ. ಅದರ ಮೇಲೆ ನಮ್ಮ ಹಿರಿಯರಿಗೆ ಇದ್ದ ಸಿಟ್ಟು ಸುಳ್ಳಲ್ಲ. ಆದರೂ ಆ ಸಂಸ್ಥಾನದ ನೋಟು ತೆಗೆದು ನೋಡಿ: ಉರ್ದುವಿನ ಜೊತೆಗೆ ಇಂಗ್ಲಿಷ್, ತೆಲುಗು, ಮರಾಠಿ, ಕನ್ನಡದಲ್ಲೂ ಬೆಲೆ ಅಚ್ಚಾಗಿದೆ. 1918ರ ಕಾನೂನಿನಡಿ ಹೊರಟ ಕಾಗದದ ಹಣಕ್ಕೆ ಸಾಧ್ಯವಾದದ್ದು, ಎಂಬತ್ತು ವರ್ಷ ಕಳೆದ ಮೇಲೆ ನನ್ನ ಅಂಗಡಿಯ ಕಂಪ್ಯೂಟರಿಗೆ ಸಾಧ್ಯವಾಗಲಿಲ್ಲ.

ದೇಶದ ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ನಮ್ಮಂಥ ಊರುಗಳಲ್ಲಿ ಅದು ಅಂಗಡಿಯ ಸರಕಾಗಲು ಇನ್ನೂ ನಾಲ್ಕೈದು ವರ್ಷ ಹಿಡಿಯಿತು. ಬಿಎಸ್‌ಎನ್‌ಎಲ್‌ನ ಸಂಚಾರ್‌ನೆಟ್ ಕಿಟ್ ತಂದು, 172233ಕ್ಕೆ ಡಯಲ್ ಮಾಡಿ, ಮೋಡೆಮ್ ಕಿರುಚಿ ಸುಮ್ಮನಾಗುವುದನ್ನು ಕಾಯುವ ಕಾಲ ಅದು. ಆಗ ಇಮೇಲ್ ಎಂದರೆ ಬ್ರೌಸರಿನೊಳಗೆ ತೆರೆದುಕೊಳ್ಳುವ ಮೇಲ್. ಬೆಂಗಳೂರಿನಲ್ಲಿ ಶಾಲೆ ಓದಿದ ಸಬೀರ್ ಭಾಟಿಯಾ ತನ್ನ ಗೆಳೆಯ ಜ್ಯಾಕ್ ಸ್ಮಿತ್ ಜೊತೆ 1996ರ ಜುಲೈ 4ರಂದು ಹಾಟ್‌ಮೇಲ್ ಶುರುಮಾಡಿದ್ದ. ಅದರ ದೊಡ್ಡ ಗುಣ ನಮ್ಮಂಥವರಿಗೇ ಹೇಳಿಮಾಡಿಸಿದ ಹಾಗಿತ್ತು: ಮೇಲ್ ಇಟ್ಟುಕೊಳ್ಳಲು ಸ್ವಂತ ಕಂಪ್ಯೂಟರ್ ಬೇಡ. ಯಾವ ಊರಿನ ಯಾವ ಅಂಗಡಿಯಲ್ಲಿ ಕೂತರೂ ನಿಮ್ಮ ಪೆಟ್ಟಿಗೆ ತೆರೆಯುತ್ತದೆ. ಸೌದಿಯಲ್ಲಿ ದುಡಿಯುವ ಮಗನಿಗೆ ತಾಯಿ ನಮ್ಮೂರ ಸ್ಟೇಷನ್ ರಸ್ತೆಯಿಂದ ಬರೆಸಬಹುದಿತ್ತು.

ದೋಷಗಳೂ ಅದೇ ಗುಣದ ಹೊಟ್ಟೆಯಲ್ಲೇ ಹುಟ್ಟಿದವು. ಪೆಟ್ಟಿಗೆ 2 ಎಂಬಿ. ಮದುವೆಗೆ ತೋರಿಸಲು ಹುಡುಗಿಯ ಒಂದು ಫೋಟೊ ಸ್ಕ್ಯಾನ್ ಮಾಡಿ ಬಂದರೆ ಸಾಕು, ಉಳಿದ ಇಮೇಲೆಲ್ಲ ವಾಪಸ್ ಹೋಗತೊಡಗುತ್ತಿತ್ತು. ತಿಂಗಳು ತೆರೆಯದಿದ್ದರೆ ಒಳಗಿದ್ದದ್ದೆಲ್ಲ ಗುಡಿಸಿಹೋಗುತ್ತಿತ್ತು. ಸುಗ್ಗಿಯ ಕಾಲದಲ್ಲಿ ತೊಗರಿ ರಾಶಿ ಬಿಟ್ಟು ಮೇಲ್ ನೋಡಲು ಪೇಟೆಗೆ ಯಾರು ಬರುತ್ತಾರೆ? ಒಬ್ಬರು ಎದ್ದುಹೋದ ಕುರ್ಚಿಯಲ್ಲಿ ಇನ್ನೊಬ್ಬರು ಕೂತು 'ಹಿಂದಕ್ಕೆ' ಗುಂಡಿ ಒತ್ತಿದರೆ ಮೊದಲಿನವರ ಪತ್ರ ಹಾಗೇ ತೆರೆದುಕೊಳ್ಳುತ್ತಿತ್ತು. 'ಕೆಲಸ ಮುಗಿದ ಮ್ಯಾಲ ಸೈನ್ ಔಟ್ ಮಾಡ್ರಿ' ಎಂದು ಗೋಡೆಗೆ ಬರೆಸಿ ಹಾಕಿದ್ದೆ, ಅದನ್ನು ಓದಿದವರು ಕಡಿಮೆ. 1999ರ ಆಗಸ್ಟಿನಲ್ಲಂತೂ ಹಾಟ್‌ಮೇಲಿನ ಯಾರ ಖಾತೆಯನ್ನಾದರೂ 'ಇ', 'ಎಚ್' ಎಂಬ ಎರಡೇ ಅಕ್ಷರದ ಗುಪ್ತಪದದಿಂದ ತೆರೆಯಬಹುದೆಂಬುದು ಜಗತ್ತಿಗೇ ಬಯಲಾಯಿತು. ನಮ್ಮ ಗಿರಾಕಿಗಳಿಗೆ ಅದರ ಚಿಂತೆ ಇರಲಿಲ್ಲ. ಅವರ ಚಿಂತೆಯೆಲ್ಲ ಕರೆಂಟಿನದು.

ಬ್ರೌಸರಿನ ಮೇಲಿಗೂ ಅದರ ಸರ್ವರಿಗೂ ನಡುವೆ ತಂತಿ ಸದಾ ಕೂಡಿರುವುದಿಲ್ಲ. ಪುಟ ಬಂದು ಬಿದ್ದ ಮೇಲೆ ಮಾತು ಮುಗಿಯಿತು. ನೀವು 'ಕಳಿಸು' ಒತ್ತುವ ತನಕ ನೀವು ಏನು ಬರೆಯುತ್ತಿದ್ದೀರಿ ಎಂಬುದು ಆ ಕಡೆಯವರಿಗೆ ಗೊತ್ತೇ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಇವರು ಎದ್ದುಹೋದರು ಎಂದುಕೊಂಡು ಸರ್ವರು ಬಾಗಿಲು ಹಾಕುತ್ತಿತ್ತು. ಒಂದು ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಪುಟವೊಂದು ತುಂಬಿಸಿದವರು ಕಳಿಸು ಒತ್ತಿದರೆ ಎದುರಿಗೆ ಬರುತ್ತಿದ್ದುದು ಮತ್ತೆ ಹೆಸರು ಮತ್ತು ಗುಪ್ತಪದ ಕೇಳುವ ಪುಟ. ಬರೆದದ್ದು ಹೋಗಿರುತ್ತಿತ್ತು. ಲೈನ್ ಕಡಿದರೂ ಅಷ್ಟೆ, ಕರೆಂಟು ಹೋದರೂ ಅಷ್ಟೆ. ಬರೆಯುತ್ತಿರುವಾಗಲೇ ಕರಡು ತನ್ನಷ್ಟಕ್ಕೆ ಉಳಿದುಕೊಳ್ಳುವುದು ಜಿಮೇಲ್ ಬಂದ ಮೇಲೆ ರೂಢಿಯಾಯಿತು. 2004ರ ಏಪ್ರಿಲ್ 1ರಂದು ಒಂದು ಜಿಬಿ ಜಾಗ ಕೊಡುತ್ತೇವೆಂದಾಗ ಬಹಳ ಮಂದಿ ಅದನ್ನು ಏಪ್ರಿಲ್ ಫೂಲ್ ಎಂದೇ ನಂಬಿದ್ದರು.

ಅಂಗಡಿಗಳು ಇದಕ್ಕೊಂದು ಉಪಾಯ ಕಂಡುಕೊಂಡವು: ಮೊದಲು ನೋಟ್‌ಪ್ಯಾಡಿನಲ್ಲಿ ಬರೆದು ಉಳಿಸಿ, ಆಮೇಲೆ ಅಂಟಿಸು. ಇಂಗ್ಲಿಷಿಗೆ ಸರಿ. ಕನ್ನಡ ಬರೆದು ಉಳಿಸಲು ಹೋದರೆ ನೋಟ್‌ಪ್ಯಾಡು ಒಂದು ಎಚ್ಚರಿಕೆಯ ಪೆಟ್ಟಿಗೆ ತೋರಿಸುತ್ತಿತ್ತು, ಇಂಗ್ಲಿಷಿನಲ್ಲಿ. ಇಂಗ್ಲಿಷಿನ ಪೆಟ್ಟಿಗೆ ಕಂಡ ಕೂಡಲೇ 'ಓಕೆ' ಒತ್ತುವುದು ಎಲ್ಲರ ಅಭ್ಯಾಸ. ಒತ್ತಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ. 2019ರಲ್ಲಿ ವಿಂಡೋಸ್ 10ರ ಹೊಸ ಆವೃತ್ತಿ ಬರುವವರೆಗೂ ನೋಟ್‌ಪ್ಯಾಡಿನ ಮೊದಲ ಆಯ್ಕೆ ಹಾಗೇ ಉಳಿದಿತ್ತು.

ಈಗ ಲೆಕ್ಕಕ್ಕೆ ಬರೋಣ. ಇಮೇಲ್ ಸಾಗಿಸುವ ನಿಯಮವನ್ನು 1982ರಲ್ಲಿ ಜಾನ್ ಪೋಸ್ಟೆಲ್ ಬರೆದಾಗ ಒಂದು ಅಕ್ಷರಕ್ಕೆ 7 ಬಿಟ್, ಒಟ್ಟು 128 ಗುರುತು ಸಾಕೆಂದು ಇಟ್ಟುಕೊಂಡರು. ಇಂಗ್ಲಿಷಿನ ಅಕ್ಷರ, ಅಂಕಿ, ವಿರಾಮಚಿಹ್ನೆ ಅಷ್ಟರಲ್ಲಿ ಮುಗಿಯುತ್ತವೆ. ಹತ್ತು ವರ್ಷದ ಮೇಲೆ, 1992ರಲ್ಲಿ, ನಥಾನಿಯೆಲ್ ಬೋರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್ ಮೈಮ್ ಎಂಬ ವ್ಯವಸ್ಥೆ ತಂದರು. ಅವರು ಹಳೆಯ ರಸ್ತೆಯನ್ನು ಅಗೆಯಲಿಲ್ಲ. ಅದರ ಮೇಲೆ ಓಡುವ ಗಾಡಿಗೆ ಹೊದಿಕೆ ಹಾಕಿದರು. ಚಿತ್ರವಾಗಲಿ ಕನ್ನಡವಾಗಲಿ ಮೊದಲು ಇಂಗ್ಲಿಷ್ ಅಕ್ಷರಗಳ ಸಾಲಾಗಿ ವೇಷ ಬದಲಿಸಿಕೊಂಡು ಹೋಗಬೇಕು, ಆ ತುದಿಯಲ್ಲಿ ವೇಷ ಕಳಚಬೇಕು. ಎರಡೂ ತುದಿಯ ತಂತ್ರಾಂಶ ಸರಿಯಾಗಿದ್ದರೆ ತೊಂದರೆಯಿಲ್ಲ. ನಮ್ಮ ತುದಿ ಸರಿಯಿದ್ದಾಗ ಆ ತುದಿ ಸರಿಯಿರುತ್ತಿರಲಿಲ್ಲ ಎಂಬುದೇ ಮುಂದಿನ ಹದಿನೈದು ವರ್ಷದ ಕಥೆ.

ಮೊದಲು ನುಡಿ ಮತ್ತು ಬರಹದ ಕಾಲ. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂತು, ಕನ್ನಡ ಗಣಕ ಪರಿಷತ್ತಿನ ನುಡಿ ಅದರ ಹಿಂದೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕೈಗೆ ಹತ್ತಿದ ಮೇಲೆ, ಅನಂತಸುಬ್ಬರಾಯರ ಟೈಪ್‌ರೈಟರ್ ಕಲಿತು ಬಂದ ನಮಗೆ ಅದು ಹಬ್ಬ. ಆದರೆ ಆ ಫಾಂಟುಗಳಲ್ಲಿ ಕಂಪ್ಯೂಟರಿನ ಒಳಗೆ ಕನ್ನಡ ಇರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಚಿಹ್ನೆಗಳ ಮೇಲೆ ಕನ್ನಡದ ಆಕಾರ ಹೊದಿಸಿದ್ದರು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಒಳಗಿನದು ಬಯಲು. 'ನುಡಿ 01 ಇ'ಯಲ್ಲಿ ಬರೆದ 'ಕನ್ನಡ'ದ ಹೊದಿಕೆ ತೆಗೆದರೆ ನಡುವೆ ಬ್ರಿಟನ್ನಿನ ಪೌಂಡ್ ಚಿಹ್ನೆ ಕಾಣುತ್ತದೆ, ಅದು 'ನ'. ತಲೆಕಟ್ಟು ಇರುವಲ್ಲೆಲ್ಲ ಓರೆಗೆರೆ ಹೊತ್ತ ದೊಡ್ಡ 'ಎ'. ವರ್ಡ್ ಕಡತದಲ್ಲಿ ಫಾಂಟಿನ ಹೆಸರು ಜೊತೆಗಿರುತ್ತದೆ. ಬ್ರೌಸರಿನ ಮೇಲಿನಲ್ಲಿ ಅಂಟಿಸಿದರೆ ಸಾದಾ ಪಠ್ಯ ಮಾತ್ರ ಉಳಿದು ಫಾಂಟಿನ ಹೆಸರು ಉದುರಿಹೋಗುತ್ತಿತ್ತು. ದಾರಿಯಲ್ಲಿ ಎಂಟನೆಯ ಬಿಟ್ಟನ್ನು ಕತ್ತರಿಸುವ ಹಳೆಯ ಯಂತ್ರ ಸಿಕ್ಕಿತೋ, ಪೌಂಡು ಹೋಗಿ ಹ್ಯಾಶ್ ಆಗುತ್ತದೆ, ಓರೆಗೆರೆಯ 'ಎ' ಹೋಗಿ ಆಟ್ ಚಿಹ್ನೆ ಆಗುತ್ತದೆ. ಆಮೇಲೆ ಫಾಂಟ್ ಹಾಕಿದರೂ ಪತ್ರ ಬದುಕುವುದಿಲ್ಲ.

"ಅಕ್ಕಾರ, ಮೇಲ್ ಬಂದದ ಖರೆ, ಏನ್ ಬರ್ದೀರಿ ತಿಳಿವಲ್ದು ಅಂತ ಸಾಹೇಬ್ರು ಅಂದ್ರು" ಎಂದು ವಾಪಸ್ ಬಂದವರಿಗೆ ಇದನ್ನೆಲ್ಲ ಬಿಡಿಸಿ ಹೇಳಲಾದೀತೇ? "ಫಾಂಟಿಲ್ಲ ಅಲ್ಲಿ" ಎನ್ನುತ್ತಿದ್ದೆ. "ನಿಮ್ಮಲ್ಲಿ ಅದ ಅಲ್ರಿ? ಅದನ್ನೂ ಕಳಿಸ್ರಿ ಮತ್ತ" ಎಂದು ಕೇಳಿದ ಹಿರಿಯರೊಬ್ಬರ ಮಾತು ನನಗೆ ಇವತ್ತಿಗೂ ಬಲು ಸರಿ ಎನಿಸುತ್ತದೆ. ಪಿಡಿಎಫ್ ಮಾಡುವುದು ಅದನ್ನೇ. ಅಕ್ಷರದ ಜೊತೆ ಫಾಂಟನ್ನೂ ಕಟ್ಟಿ ಕಳಿಸುತ್ತದೆ.

ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ 128 ಮನೆ ಮೀಸಲಿಟ್ಟಿತ್ತು, 3200ರಿಂದ 3327ರ ತನಕ. ಆದರೆ ಅದನ್ನು ಬಿಡಿಸಿ ತೋರಿಸುವ ಶಕ್ತಿ ನಮ್ಮ ಅಂಗಡಿಗಳ ವಿಂಡೋಸ್ 98ಕ್ಕೆ ಇರಲಿಲ್ಲ. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ತುಂಗಾ ಎಂಬ ಕನ್ನಡ ಫಾಂಟ್ ಬಂತು. ಬಂದರೂ, ಸೆಟ್ಟಿಂಗಿನಲ್ಲಿ ಒಂದು ಕಡೆ ಸರಿ ಗುರುತು ಹಾಕಿ, ಎಕ್ಸ್‌ಪಿ ಸಿ.ಡಿ. ಒಳಗೆ ತುರುಕಿದ ಮೇಲೆಯೇ ಒತ್ತಕ್ಷರ ಕೂಡಿಕೊಳ್ಳುತ್ತಿತ್ತು. ಆ ಸರಿ ಗುರುತಿನ ಸಾಲು ನೆನಪಿಡುವಂಥದ್ದು: ಸಂಕೀರ್ಣ ಲಿಪಿಗಳು ಮತ್ತು ಬಲದಿಂದ ಎಡಕ್ಕೆ ಬರೆಯುವ ಭಾಷೆಗಳು, ಎರಡಕ್ಕೂ ಅದೊಂದೇ. ಕನ್ನಡಕ್ಕೆಂದು ಗುರುತು ಹಾಕಿದರೆ ಉರ್ದುವೂ ಏಳುತ್ತಿತ್ತು. ಬಂದೇನವಾಜ್ ದರ್ಗಾದ ಕಡೆಯ ಉರ್ದು ಡಿಟಿಪಿಯವರು ಆವರೆಗೆ ಇನ್‌ಪೇಜಿನಲ್ಲಿ ಬರೆದು, ಪುಟವನ್ನೇ ಚಿತ್ರ ಮಾಡಿ ಮೇಲಿಗೆ ಜೋಡಿಸುತ್ತಿದ್ದರು. ಗುರುತು ಹಾಕಿದ ಮೇಲೆ ಉರ್ದು ಅಕ್ಷರ ಕಂಡಿತು, ಆದರೆ ಇಮೇಲಿನ ಪುಟ ಎಡದಿಂದ ಶುರುವಾಗುವುದು ಬಿಡಲಿಲ್ಲ, ಪೂರ್ಣವಿರಾಮ ಸಾಲಿನ ತಪ್ಪು ತುದಿಗೆ ಹೋಗಿ ನಿಲ್ಲುತ್ತಿತ್ತು. ಅವರು ಚಿತ್ರದ ದಾರಿಯನ್ನೇ ಇಟ್ಟುಕೊಂಡರು.

ಆ ವರ್ಷಗಳಲ್ಲಿ ಕೆಟ್ಟ ಮೇಲ್ ನೋಡಿ ರೋಗ ಹೇಳುವುದು ನನಗೆ ಕೈವಶವಾಗಿತ್ತು. ಖಾಲಿ ಚೌಕಗಳು ಕಂಡರೆ ಅಕ್ಷರ ಸುರಕ್ಷಿತ, ಫಾಂಟ್ ಇಲ್ಲ ಅಷ್ಟೆ. ದೊಡ್ಡ 'ಎ' ಮತ್ತು ಪೌಂಡು ಕಂಡರೆ ನುಡಿಯ ಪಠ್ಯ. ಚಿಕ್ಕ 'ಎ' ಓರೆಗೆರೆ ಹೊತ್ತು, ಅದರ ಮಗ್ಗುಲಿಗೆ ಮೇಲೆತ್ತಿದ ಸಣ್ಣ ಎರಡು ಅಥವಾ ಸಣ್ಣ ಮೂರು ಇದ್ದರೆ ಯೂನಿಕೋಡನ್ನು ಬ್ರೌಸರು ಯುರೋಪಿನ ಪಠ್ಯವೆಂದು ಓದಿದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಗುರುತೂ ಮೂರು ಬೈಟ್. ಮೊದಲ ಬೈಟು ಎಲ್ಲಕ್ಕೂ ಒಂದೇ, ಅದೇ ಆ ಚಿಕ್ಕ 'ಎ'. ಎರಡನೆಯ ಬೈಟು ಸಣ್ಣ ಎರಡು ಆದರೆ ಅಲ್ಲಿರುವುದು ಸ್ವರ, ವ್ಯಂಜನ, ಇಲ್ಲವೇ ಇಳಿ, ಗುಡಿಸು. ಸಣ್ಣ ಮೂರು ಆದರೆ ಕೊಂಬು, ಏತ್ವ, ಅರ್ಧಾಕ್ಷರದ ಗುರುತು, ಕನ್ನಡ ಅಂಕಿ. ಬ್ರೌಸರಿನ 'ವ್ಯೂ' ಪಟ್ಟಿಗೆ ಹೋಗಿ ಎನ್‌ಕೋಡಿಂಗ್ ಬದಲಿಸಿದರೆ ಪುಟವೆಲ್ಲ ಒಮ್ಮೆಲೇ ಕನ್ನಡವಾಗಿ ತಿರುಗುತ್ತಿತ್ತು. ಅದನ್ನು ನೋಡಿದ ಗಿರಾಕಿಗಳು ನನ್ನನ್ನು ಏನೋ ಮಾಟ ಬಲ್ಲವಳೆಂಬಂತೆ ನೋಡುತ್ತಿದ್ದರು. ನಾನೂ ತಿದ್ದಲು ಹೋಗಲಿಲ್ಲ, ವ್ಯಾಪಾರಕ್ಕೆ ಒಳ್ಳೆಯದೇ.

ಇನ್ನೊಂದು ಬಗೆಯದು ವಿಚಿತ್ರ. ಪತ್ರದ ತುಂಬ ಬರೀ ಅಂಕಿ. ಬರೆಯುವ ಪುಟ ಯುರೋಪಿನ ಅಕ್ಷರಗಳಿಗಷ್ಟೇ ಸಿದ್ಧವಾಗಿದ್ದರೆ, ಅದರಲ್ಲಿ ಕನ್ನಡ ಬರೆದಾಗ ಬ್ರೌಸರು ಪ್ರತಿ ಅಕ್ಷರದ ಬದಲು ಅದರ ಮನೆ ನಂಬರು ಕಳಿಸುತ್ತಿತ್ತು. ಆ ಕಡೆಯವರು ಅದನ್ನು ಮತ್ತೆ ಅಕ್ಷರ ಮಾಡದೆ ಹಾಗೇ ತೋರಿಸುತ್ತಿದ್ದರು. ಕಲಬುರಗಿ ಎಂದರೆ 3221, 3250, 3244, 3265, 3248, 3223, 3263. ಮೊದಲಿನ 3221 'ಕ' ಎಂದು ಕಂಡಕೂಡಲೇ ಹೇಳುವಷ್ಟು ಪಾಠವಾಗಿತ್ತು. ಇಂಥ ಪತ್ರವನ್ನು ತಾಳ್ಮೆಯಿದ್ದರೆ ಉಳಿಸಬಹುದು. ಉಳಿಸಲಾಗದಿದ್ದುದು ಪ್ರಶ್ನಾರ್ಥಕ ಚಿಹ್ನೆಗಳದು. ನಡುವೆ ಯಾವುದೋ ಯಂತ್ರ ಕನ್ನಡದ ಪ್ರತಿ ಅಕ್ಷರವನ್ನೂ 'ಇದೇನು' ಎಂದು ಕೇಳಿ, ಪ್ರಶ್ನೆಯನ್ನಷ್ಟೇ ಇಟ್ಟುಕೊಂಡು ಅಕ್ಷರ ಎಸೆದಿದೆ. ಒಮ್ಮೆ ಕಲಬುರಗಿಯ ವೃದ್ಧರೊಬ್ಬರ ಪಿಂಚಣಿಯ ಮನವಿಗೆ ಕಚೇರಿಯೊಂದರಿಂದ ಉತ್ತರ ಬಂತು: ತಮ್ಮ ಪ್ರಶ್ನೆಗಳು ಸ್ಪಷ್ಟವಾಗಿಲ್ಲ. ಕೆಳಗೆ ಅವರ ಪತ್ರ ಇತ್ತು, ಆರಂಭದಿಂದ ಕೊನೆಯ ತನಕ ಪ್ರಶ್ನಾರ್ಥಕ ಚಿಹ್ನೆ.

ವಿಷಯದ ಸಾಲಿನ ಲೆಕ್ಕ ಇದಕ್ಕಿಂತ ಬಿಗಿ. ಅಲ್ಲಿ ಇಂಗ್ಲಿಷಲ್ಲದ್ದನ್ನು 75 ಅಕ್ಷರ ಮೀರದ ತುಂಡುಗಳಾಗಿ ಕಳಿಸಬೇಕೆಂಬ ನಿಯಮವಿದೆ. ತುಂಡಿನ ತಲೆ ಬಾಲಕ್ಕೇ 12 ಹೋಗುತ್ತದೆ. ಉಳಿದ 63ರಲ್ಲಿ, ನಾಲ್ಕರ ಕಟ್ಟಿನಂತೆ ಉಪಯೋಗಕ್ಕೆ ಬರುವುದು 60. ವೇಷ ಕಳಚಿದರೆ ಅದು 45 ಬೈಟ್, ಅಂದರೆ ಕನ್ನಡದ 15 ಗುರುತು. ಐವಾನ್-ಎ-ಶಾಹಿಗೆ 32, ಒಂದು ತೆರಪು, 'ಅ', 'ತ', ಅದರ ಗುಡಿಸು, 'ಥ', ಅಲ್ಲಿಗೆ ಸರಿಯಾಗಿ 45. ಅತಿಥಿಯ ಎರಡನೆಯ ಗುಡಿಸಿಗೆ ಜಾಗವಿಲ್ಲ. ಓದುವ ತಂತ್ರಾಂಶ ತುಂಡುಗಳನ್ನು ಅಂಟಿಸಿಕೊಳ್ಳುವಾಗ ನಡುವಿನ ತೆರಪನ್ನು ಬಿಡಬೇಕೆಂದು ನಿಯಮ ಹೇಳುತ್ತದೆ. ಬಿಡದವು ಇದ್ದವು. ಇನ್ನೂ ಕೆಟ್ಟವು ಮೂರು ಬೈಟಿನ ನಡುವೆಯೇ ಕತ್ತರಿ ಹಾಕುತ್ತಿದ್ದವು. ಕಡತದ ಹೆಸರಿಗೂ ಇದೇ ಪಾಡು. 'ಅರ್ಜಿ' ಎಂದು ಹೆಸರಿಟ್ಟು ಕಳಿಸಿದರೆ ಹೆಸರಿಲ್ಲದ ಕಡತವಾಗಿ ಮುಟ್ಟುತ್ತಿತ್ತು. ಅಕ್ಷರಗಳನ್ನು ಜೋಡಿಸುವ, ಬಿಡಿಸುವ, ಕಣ್ಣಿಗೆ ಕಾಣದ ಗುರುತುಗಳನ್ನು ಕಸವೆಂದು ಗುಡಿಸುವ ಮೇಲ್‌ಗಳು ರಾಜ್‌ಕುಮಾರನನ್ನು ರಾಜ್ಕುಮಾರ ಮಾಡುತ್ತಿದ್ದವು.

ಈ ಊರಿನ ಕಚೇರಿ ವ್ಯವಹಾರವನ್ನು ಹತ್ತಿರದಿಂದ ಕಂಡು ನಾನು ಹೇಳುವುದಿಷ್ಟು. ದೋಷಗಳು ಹೆಚ್ಚುಕಡಿಮೆ 2010ರ ಹೊತ್ತಿಗೆ ತೀರಿದವು. ದೋಷಕ್ಕೆಂದು ಹೂಡಿದ ಉಪಾಯಗಳು ತೀರಲಿಲ್ಲ, ಪದ್ಧತಿಯಾಗಿ ಕೂತವು. ವಿಷಯ ಇಂಗ್ಲಿಷಿನಲ್ಲಿ ಬರೆ, ಕಡತದ ಹೆಸರು ಇಂಗ್ಲಿಷಿನಲ್ಲಿಡು, ಕನ್ನಡದ ಪತ್ರ ನುಡಿಯಲ್ಲಿ ಟೈಪು ಮಾಡಿ ಪ್ರಿಂಟು ತೆಗೆ, ಸಹಿ ಹಾಕಿಸಿ ಸ್ಕ್ಯಾನು ಮಾಡು, ಪಿಡಿಎಫ್ ಜೋಡಿಸು, ಇಮೇಲಿನ ಒಡಲಲ್ಲಿ 'ಲಗತ್ತು ನೋಡಿ' ಎಂದು ಇಂಗ್ಲಿಷಿನಲ್ಲಿ ಒಂದು ಸಾಲು. ಹೊಸದಾಗಿ ನೌಕರಿಗೆ ಸೇರಿದ, ಮೊಬೈಲಿನಲ್ಲಿ ದಿನವಿಡೀ ಕನ್ನಡ ಟೈಪು ಮಾಡುವ ಹುಡುಗರೂ ಇದನ್ನೇ ಕಲಿಯುತ್ತಾರೆ. ಯಾಕೆಂದು ಕೇಳಿದರೆ "ಮೊದಲಿಂದ ಹಿಂಗೇ ಮಾಡ್ಲತ್ತೀವ್ರಿ" ಎಂಬ ಉತ್ತರ.

2012ರಲ್ಲಿ ಇಮೇಲ್ ವಿಳಾಸವೇ ಯಾವ ಲಿಪಿಯಲ್ಲಾದರೂ ಇರಬಹುದೆಂಬ ಹೊಸ ನಿಯಮಗಳು ಬಂದವು; 2014ರ ಆಗಸ್ಟಿನಲ್ಲಿ ಜಿಮೇಲ್ ಅಂಥ ವಿಳಾಸಗಳಿಗೆ ಮೇಲ್ ಕಳಿಸಲು, ಅವುಗಳಿಂದ ಪಡೆಯಲು ಶುರುಮಾಡಿತು. ಅದೇ ವರ್ಷದ ನವೆಂಬರ್ 1ರಂದು ಗುಲ್ಬರ್ಗ ಕಲಬುರಗಿಯಾಯಿತು. ರೈಲ್ವೆಯವರು ನಿಲ್ದಾಣದ ಸಂಕೇತವನ್ನೂ 'ಜಿಆರ್'ನಿಂದ 'ಕೆಎಲ್‌ಬಿಜಿ'ಗೆ ತಿದ್ದಿದರು. ಇಮೇಲ್ ವಿಳಾಸಗಳನ್ನು ಹಾಗೆ ತಿದ್ದಲಾಗುವುದಿಲ್ಲ. ಹೊಸದು ತೆರೆದರೆ ಹಳೆಯ ಪತ್ರ, ಹಳೆಯ ಪರಿಚಯ ಎಲ್ಲ ಹಳೆಯದರಲ್ಲೇ ಉಳಿಯುತ್ತವೆ. ಅದಕ್ಕೇ ಊರಿನಲ್ಲಿ ಎಷ್ಟೋ ಬೋರ್ಡುಗಳ ಮೇಲೆ ಮೇಲಿನ ಸಾಲು ಕಲಬುರಗಿ, ಕೆಳಗಿನ ಇಮೇಲು ಗುಲ್ಬರ್ಗ. ಕನ್ನಡ ಲಿಪಿಯ ವಿಳಾಸವನ್ನಂತೂ ಬಹುಪಾಲು ಆನ್‌ಲೈನ್ ಅರ್ಜಿಗಳ ಖಾನೆ 'ಸರಿಯಾದ ಇಮೇಲ್ ಕೊಡಿ' ಎಂದು ಕೆಂಪಕ್ಷರದಲ್ಲಿ ಹಿಂದಕ್ಕೆ ತಳ್ಳುತ್ತದೆ.

ಸ್ಕ್ಯಾನಿನ ಪದ್ಧತಿಯಿಂದ ಯಾರಿಗೇನು ನಷ್ಟ ಎಂದು ಕೇಳುವವರಿದ್ದಾರೆ. ಕಮಲಾಪುರದ ರೈತರೊಬ್ಬರು, ಅಲ್ಲಿನ ಭೌಗೋಳಿಕ ಗುರುತು ಪಡೆದ ಕೆಂಪು ಬಾಳೆ ಬೆಳೆಯುವವರು, ಗಾಳಿಗೆ ತೋಟ ಬಿದ್ದಾಗ ಪರಿಹಾರಕ್ಕೆ ಬರೆದ ಹಳೆಯ ಪತ್ರವೊಂದನ್ನು ಹುಡುಕಿಕೊಡಿ ಎಂದು ಬಂದರು. ಪೆಟ್ಟಿಗೆಯಲ್ಲಿ ಅವರ ನೂರಾರು ಮೇಲ್ ಇದ್ದವು, ಎಲ್ಲದರ ವಿಷಯವೂ ಇಂಗ್ಲಿಷಿನ 'ಲೆಟರ್'. ಕಮಲಾಪುರ ಎಂದು ಹಾಕಿ ಹುಡುಕಿದರೆ ಒಂದೂ ಸಿಗಲಿಲ್ಲ. ಸ್ಕ್ಯಾನ್ ಮಾಡಿದ್ದು ಚಿತ್ರ, ಅದರೊಳಗೆ ಅಕ್ಷರ ಇಲ್ಲ. ಸ್ಕ್ಯಾನ್ ಮಾಡದೆ ನುಡಿಯಿಂದ ನೇರ ಪಿಡಿಎಫ್ ಮಾಡಿದ್ದರಲ್ಲಿ ಅಕ್ಷರ ಇದೆ, ಆದರೆ ಒಳಗಿರುವುದು ಹಳೆಯ ಸಂಕೇತ. ಕಮಲಾಪುರದ 'ಪ' ಇರುವಲ್ಲಿ ಜಪಾನಿನ ಯೆನ್ ಚಿಹ್ನೆ. ಕೊನೆಗೆ ಒಂದೊಂದೇ ಕಡತ ತೆರೆದು ಕಣ್ಣಲ್ಲೇ ಓದಿ ಹುಡುಕಿದೆವು. ಆವತ್ತಿನಿಂದ ಪಿಡಿಎಫ್ ಜೋಡಿಸಿದ ಪ್ರತಿ ಮೇಲಿನ ಒಡಲಲ್ಲೂ ಊರು, ಸರ್ವೆ ನಂಬರು, ಅರ್ಜಿದಾರರ ಹೆಸರು, ಯಾತಕ್ಕೆ ಬರೆದದ್ದು ಎಂಬುದನ್ನು ಕನ್ನಡದಲ್ಲಿ ಟೈಪು ಮಾಡುತ್ತೇನೆ. ಆ ಎರಡು ಸಾಲಿಗೆ ದುಡ್ಡು ತಗೊಳ್ಳುವುದಿಲ್ಲ.